ದಿನಕ್ಕೆ ಹತ್ತು ಇಟ್ಟಿಗೆ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳಗಳಿಗೆ ಹೆಚ್ಚು ಜಾಗವಿತ್ತು. ದೇವನಹಳ್ಳಿ ಕಡೆಯ ವಿಜಯಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಊರು ನಮ್ಮದು. ಹೆಚ್ಚುಕಡಿಮೆ ಎಲ್ಲರೂ ರೇಷ್ಮೆ ಹುಳ ಸಾಕುವವರೇ. ಹೊಸಿಲು ದಾಟಿದರೆ ನಡುಮನೆ, ನಡುಮನೆಯ ತುಂಬ ಬಿದಿರಿನ ಅಟ್ಟಣೆ, ಅಟ್ಟಣೆಯಲ್ಲಿ ಒಂದರ ಮೇಲೊಂದು ತಟ್ಟೆ, ತಟ್ಟೆಯ ತುಂಬ ಹುಳ. ಉಳಿದ ಓಣಿಯಂಥ ಜಾಗದಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು ಚಾಪೆ ಹಾಸಿಕೊಳ್ಳುತ್ತಿದ್ದೆವು. ಹುಳ ದೊಡ್ಡದಾದ ಮೇಲೆ ಅವು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತದೆ ಎಂದು ನೋಡಲು ಬಂದ ಪೇಟೆಯ ನೆಂಟರು ಬಾಗಿಲಾಚೆ ನಿಂತು ಖುಷಿಪಡುತ್ತಿದ್ದರು. ನನಗೆ ಮಾತ್ರ ಯಾರೋ ನಮ್ಮ ಮನೆಯನ್ನೇ ಮೆಲ್ಲಗೆ ಮೇಯುತ್ತಿದ್ದಾರೆ ಅನ್ನಿಸುತ್ತಿತ್ತು. ಹುಳ ಇರುವಷ್ಟು ದಿನ ಮನೆಯಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ದೇವರಿಗೂ ಬರೀ ದೀಪ. ಹೊರಗಿನವರು ಒಳಗೆ ಬರುವಂತಿಲ್ಲ. ಬೀಡಿ ಸೇದುವವರಂತೂ ಬೇಲಿಯನ್ನೂ ದಾಟುವಂತಿಲ್ಲ. ಹೊಗೆಸೊಪ್ಪಿನ ಗಾಳಿ ತಗುಲಿದರೆ ಹುಳ ಸತ್ತುಹೋಗುತ್ತದೆ ಎಂಬ ಭಯ. ಒಂದು ಬೆಳೆಯ ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿ ಮನೆ ತೊಳೆದು ನಾಲ್ಕು ದಿನವಾಗುವಷ್ಟರಲ್ಲಿ ಮುಂದಿನ ಬೆಳೆಯ ಮೊಟ್ಟೆ ಬಂದಿರುತ್ತಿತ್ತು.

ಆ ಮನೆಗೆ ಕಕ್ಕಸು ಇರಲಿಲ್ಲ. ಊರಿನ ಎಷ್ಟೋ ಮನೆಗಳಿಗೆ ಇರಲಿಲ್ಲ, ಆದರೆ ನಮ್ಮಲ್ಲಿ ಇಲ್ಲದ್ದಕ್ಕೆ ಒಂದು ವಿಶೇಷವಿತ್ತು. ಅದಕ್ಕೆ ಬೇಕಾದ್ದೆಲ್ಲ ಇತ್ತು. ಹಿತ್ತಿಲಲ್ಲಿ ಗುಂಡಿ ತೋಡಿ ಚಪ್ಪಡಿ ಮುಚ್ಚಿತ್ತು. ಪಕ್ಕದಲ್ಲಿ ಚಿಕ್ಕ ಕೋಣೆಗಾಗುವಷ್ಟು ಕಲ್ಲಿನ ತಳಪಾಯವಿತ್ತು. ಹಿಂಬಾಗಿಲಿನಿಂದ ಹಿಪ್ಪುನೇರಳೆ ತೋಟಕ್ಕೆ ಹೋಗುವ ದಾರಿಯಲ್ಲೇ ಒಂದು ಲೋಡು ಇಟ್ಟಿಗೆ ಗುಡ್ಡೆ ಬಿದ್ದಿತ್ತು. ಬಿಳೀ ಬೇಸಿನ್ನು ಕೊಟ್ಟಿಗೆಯ ಮೂಲೆಯಲ್ಲಿತ್ತು, ಅದರಲ್ಲಿ ನಮ್ಮ ಕೋಳಿ ಎರಡು ಸಲ ಕಾವು ಕೂತು ಮರಿ ಮಾಡಿತ್ತು. ಇದೆಲ್ಲ ಅಪ್ಪ ಒಂದು ಬೇಸಿಗೆಯಲ್ಲಿ, ಒಂದೇ ಉಸಿರಿನಲ್ಲಿ ಮಾಡಿದ ಏರ್ಪಾಟು. ಆಮೇಲೆ ಮೂರು ವರ್ಷ ಅದು ಹಾಗೇ ಬಿದ್ದಿತ್ತು. ಅಪ್ಪ ಸೋಮಾರಿಯಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹೊತ್ತು ಹುಟ್ಟುವ ಮುಂಚೆ ಎದ್ದು ಸೊಪ್ಪು ಕೊಯ್ಯುತ್ತಿದ್ದ ಮನುಷ್ಯ. ಹುಳ ಹಸಿದಿದ್ದರೆ ಸೊಪ್ಪು ಹಾಕಲೇಬೇಕು, ಅಲ್ಲಿ ನಾಳೆ ಎನ್ನಲು ಬರುವುದಿಲ್ಲ. ಹಾಗೆ ಬಾಯಿಬಿಟ್ಟು ಕೇಳದ ಕೆಲಸಗಳು ಮಾತ್ರ ಅವನ ಕೈಯಲ್ಲಿ ಕೂತುಬಿಡುತ್ತಿದ್ದವು. ಅಮ್ಮ ಕೇಳಿದಾಗಲೆಲ್ಲ ಅವನ ಹತ್ತಿರ ಎರಡು ಉತ್ತರಗಳಿದ್ದವು.

"ಮಾಡಿದ್ರೆ ಒಂದೇ ಸಲಕ್ಕೆ ಮಾಡ್ಬಿಡ್ಬೇಕು. ಕಕ್ಕಸು, ಬಚ್ಚಲು, ಮೇಲೊಂದು ನೀರಿನ ತೊಟ್ಟಿ. ಅರ್ಧಂಬರ್ಧ ನನ್ ಕೈಲಾಗಲ್ಲ."

ಇಲ್ಲವೆಂದರೆ:

"ಈ ಹುಳ ಹಣ್ಣಾಗ್ಲಿ ತಡಿ. ಗೂಡು ಮಾರ್ಕೆಟ್‌ಗೆ ಹೋದ ಮಾರನೇ ದಿನಾನೇ ಮುನಿಯಪ್ಪನ್ನ ಕರ್ಕೊಂಡ್ ಬರ್ತೀನಿ."

ಮುನಿಯಪ್ಪ ನಮ್ಮೂರಿನ ಗಾರೆ ಕೆಲಸದವನು. ಅವನ ಬೆರಳುಗಳ ನಡುವೆ ಬೀಡಿ ಇಲ್ಲದ್ದನ್ನು ನಾನು ನೋಡಿಲ್ಲ. ಹುಳ ಮನೆಯಲ್ಲಿದ್ದಾಗ ಅವನು ಬರುವಂತಿಲ್ಲ, ಹುಳ ಮನೆಯಲ್ಲಿ ಇಲ್ಲದ ದಿನವೂ ಬರುವಂತಿಲ್ಲ, ಯಾಕೆಂದರೆ ಅಂಥ ದಿನ ಸಿಕ್ಕರೆ ಅಪ್ಪನಿಗೆ ಮನೆ ತೊಳೆಯುವ, ತಟ್ಟೆ ಒಣಗಿಸುವ ಕೆಲಸ ಇರುತ್ತಿತ್ತು.

ಹೆಂಗಸರು ಬಯಲಿಗೆ ಹೋಗುವುದು ಬೆಳಕು ಹರಿಯುವ ಮುಂಚೆ, ಇಲ್ಲವೇ ದೀಪ ಹಚ್ಚುವ ಹೊತ್ತಿಗೆ. ನಡುವೆ ಏನಾದರೂ ಆದರೆ ತಡೆದುಕೊಳ್ಳಬೇಕು. ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಹಗಲನ್ನೂ ಕತ್ತಲನ್ನೂ ಬಿಟ್ಟರೆ ಅವಳಿಗೆ ಮತ್ತೇನೂ ಗುರುತು ಸಿಗುತ್ತಿರಲಿಲ್ಲ. ಕೈಹಿಡಿದು ತೋಟದಾಚೆ ಕರೆದುಕೊಂಡು ಹೋಗಿ, ಬೆನ್ನು ತಿರುಗಿಸಿ ನಿಂತು, ಮತ್ತೆ ಕರೆತರುವುದು ಹತ್ತು ವರ್ಷದ ನನ್ನ ಕೆಲಸ. ನನಗೆ ತೊಂದರೆ ಕೊಡಬಾರದೆಂದು ಅಜ್ಜಿ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ರಾತ್ರಿ ಅರ್ಧ ಮುದ್ದೆ ತಿಂದು ಸಾಕೆನ್ನುತ್ತಿದ್ದಳು. ಹಸಿವಿಲ್ಲವೇನೋ ಎಂದು ನಾನು ಆಗ ನಂಬಿದ್ದೆ. ಅವಳ ತುಟಿ ಯಾವಾಗಲೂ ಒಣಗಿರುತ್ತಿತ್ತು.

ಆ ಸಂಜೆ ನಾನು ಕರ್ನಾಟಕದ ನಕ್ಷೆಗೆ ಬಣ್ಣ ತುಂಬುತ್ತಿದ್ದೆ. ಮೇಷ್ಟರು ಅದನ್ನು ಕೊಟ್ಟು ವಾರವಾಗಿತ್ತು. ನಾನು ನನ್ನಪ್ಪನ ಮಗಳು, ಕೊನೆಯ ಸಂಜೆಗೆ ಇಟ್ಟುಕೊಂಡಿದ್ದೆ. ಅಮ್ಮ ತೋಟದಲ್ಲಿದ್ದಳು. ಅಪ್ಪ ಎಲ್ಲಿದ್ದನೋ ನಾನು ನೋಡಿರಲಿಲ್ಲ. ಹಿಂಬಾಗಿಲ ಹತ್ತಿರದಿಂದ ಅಜ್ಜಿ ಕರೆದಳು.

"ಸುಜೀ, ಬಾ ಕೂಸೇ. ಹೋಗ್ಬರಾಣ."

"ಇರಜ್ಜಿ, ಬಂದೆ."

ಸಮುದ್ರಕ್ಕೆ ನೀಲಿ ತುಂಬುತ್ತಿದ್ದೆ. ಅಜ್ಜಿ ಮತ್ತೆ ಕರೆದಳು, ನಾನು ಮತ್ತೆ ಬಂದೆ ಎಂದೆ. ಮೂರನೇ ಸಲವೂ ಬಂದೆ ಎಂದೆ. ನಾಲ್ಕನೇ ಸಲ ಅವಳು ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿತ್ತಿಲಲ್ಲಿ ಇಟ್ಟಿಗೆಗಳು ಜಾರಿ ಉರುಳಿದ ಸದ್ದು ಕೇಳಿತು. ಓಡಿಹೋದರೆ ಅಜ್ಜಿ ಇಟ್ಟಿಗೆ ಗುಡ್ಡೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಸೀರೆ ಒದ್ದೆಯಾಗಿತ್ತು. ಅವಳು ನರಳುತ್ತಿರಲಿಲ್ಲ, ಎರಡು ಕೈಯಿಂದಲೂ ಸೀರೆಯನ್ನು ಕಾಲಿನವರೆಗೆ ಎಳೆದುಕೊಳ್ಳುತ್ತಿದ್ದಳು. ಅಪ್ಪ ಮನೆಯ ಮುಂಭಾಗದಿಂದ ಓಡಿಬಂದ, ಅಮ್ಮ ತೋಟದಿಂದ. ಎತ್ತಿ ಮಲಗಿಸಿದ ಮೇಲೆ ಅಮ್ಮ ನನ್ನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮುಂಚೆಯೇ ಅಜ್ಜಿ ಹೇಳಿದಳು:

"ಕೂಸನ್ನ ಬೈಬ್ಯಾಡ. ನಾನು ಕರೀಲೇ ಇಲ್ಲ. ಓದ್ಕೊಂತಿತ್ತು, ನಾನೇ ಹೊಂಟೆ."

ನನ್ನ ಕೈಯಲ್ಲಿ ನೀಲಿ ಪೆನ್ಸಿಲ್ಲು ಹಾಗೇ ಇತ್ತು. ಈಗಲೂ ಯಾರಾದರೂ ಫೋನು ಮಾಡಿ ಎಲ್ಲಿದ್ದೀರಿ ಎಂದಾಗ ಬಾಯಿತಪ್ಪಿ ಬಂದೆ ಬಂದೆ ಎಂದುಬಿಟ್ಟರೆ ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಹೊರಟುಬಿಡುತ್ತೇನೆ.

ದೇವನಹಳ್ಳಿಯ ಡಾಕ್ಟರು ಸೊಂಟದ ಮೂಳೆ ಮುರಿದಿದೆ, ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿ ಎಂದರು. ಅಜ್ಜಿ ಬೇಡವೆಂದಳು, ಅಪ್ಪ ನೋಡೋಣವೆಂದ. ಹಾಗೆ ಅಜ್ಜಿ ನಡುಮನೆಯ ಓಣಿಯಲ್ಲಿ, ಹುಳದ ಅಟ್ಟಣೆಯ ಪಕ್ಕ ಮಲಗಿದಳು. ಒಂದಕ್ಕೂ ಎರಡಕ್ಕೂ ಅಲ್ಲೇ, ಅಮ್ಮನ ಕೈಯಲ್ಲೇ. ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಅಜ್ಜಿ ಗೋಡೆಗೆ ಮುಖ ಹಾಕಿ ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿರುತ್ತಿದ್ದಳು. ಅತ್ತೆ ಸೊಸೆಯರ ಜಗಳ ನಮ್ಮ ಮನೆಯಲ್ಲೂ ಬೇಕಾದಷ್ಟು ನಡೆದಿತ್ತು, ಸಾರಿನ ಉಪ್ಪಿನಿಂದ ಹಿಡಿದು ಅಮ್ಮನ ತವರಿನವರೆಗೆ. ಆ ದಿನಗಳಲ್ಲಿ ಅದೆಲ್ಲ ನಿಂತುಹೋಯಿತು, ಮತ್ತು ಆ ನಿಶ್ಶಬ್ದ ಜಗಳಕ್ಕಿಂತ ಕೆಟ್ಟದಾಗಿತ್ತು. ಒಂದು ಮಧ್ಯಾಹ್ನ ಅಜ್ಜಿ ಅಮ್ಮನ ಕೈ ಹಿಡಿದುಕೊಂಡು ಕೇಳಿದಳು.

"ಗೌರಿ, ಬಾಗ್ಲು ಹಾಕ್ಕೊಂಡು ಕೂತ್ಕೊಳ್ಳೋ ಹಂಗೆ ಒಂದ್ ಜಾಗ ಮಾಡ್ಕೊಡೆ. ಎತ್ಕೊಂಡ್ ಹೋಗಿ ಕೂರಿಸಿದ್ರೂ ಸರಿ. ಹಿಂಗೆ ಎಲ್ರ ಮಧ್ಯ ನನ್ ಕೈಲಾಗಲ್ಲ."

"ಆಯ್ತತ್ತೆ," ಎಂದಳು ಅಮ್ಮ.

ಅಪ್ಪ ಅದನ್ನು ಕೇಳಿಸಿಕೊಂಡ. ಆ ರಾತ್ರಿ ನನ್ನ ನೋಟ್‌ಬುಕ್ಕಿನ ಹಾಳೆ ಹರಿದು ಕಕ್ಕಸು, ಬಚ್ಚಲು, ತೊಟ್ಟಿ ಮೂರನ್ನೂ ಬರೆದ. ಅಜ್ಜಿ ಹಿಡಿದುಕೊಳ್ಳಲು ಗೋಡೆಗೊಂದು ಕಂಬಿಯನ್ನೂ ಸೇರಿಸಿದ. ಬಹಳ ಚೆಂದದ ಚಿತ್ರ. ಬೆಳಿಗ್ಗೆ ಅದು ಕ್ಯಾಲೆಂಡರಿನ ಹಿಂದೆ ಹೋಯಿತು.

ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಅಮ್ಮ ನನ್ನನ್ನು ಹಿತ್ತಿಲಿಗೆ ಕರೆದಳು. ಇಟ್ಟಿಗೆ ಗುಡ್ಡೆಯನ್ನು ತೋರಿಸಿ, ಅದನ್ನು ತಳಪಾಯದ ಪಕ್ಕಕ್ಕೆ ಸಾಗಿಸಬೇಕು ಎಂದಳು. ನಾನು ಆ ಗುಡ್ಡೆಯನ್ನು ನೋಡಿದೆ. ಅದು ನನಗಿಂತ ಎತ್ತರವಿತ್ತು. ಭಾನುವಾರ ಎಲ್ಲ ಒಟ್ಟಿಗೆ ಸಾಗಿಸ್ತೀನಮ್ಮ ಎಂದೆ.

"ಭಾನುವಾರದ ಮಾತು ನಿಮ್ಮಪ್ಪಂದು. ನೀನು ಈಗ ಹತ್ತು ಎತ್ತಿಡು, ಸಾಕು. ಹನ್ನೊಂದನೇದು ಮುಟ್ಟಬೇಡ."

"ಇನ್ನೂ ಹತ್ತು ಎತ್ತೋ ಶಕ್ತಿ ಐತಮ್ಮ."

"ಇರ್ಲಿ. ಅದು ನಾಳೆಗೆ ಬೇಕು. ಇವತ್ತು ಸುಸ್ತಾದ್ರೆ ನಾಳೆ ನೀನು ಈ ಕಡೆ ತಲೆ ಹಾಕಲ್ಲ, ನನಗೆ ಗೊತ್ತು."

ಆ ಮಾತಿನ ಹಿಂದೆ ಅಮ್ಮನಿಗೆ ಎಷ್ಟು ವರ್ಷದ ಸಿಟ್ಟಿತ್ತೋ. ಅವಳು ಓದಿದವಳಲ್ಲ. ಈಗ ಮೊಬೈಲಿನಲ್ಲಿ ಯಾರೋ ಹುಡುಗ ಕೋಟು ಹಾಕಿಕೊಂಡು ಬಂದು, ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿಕೊಳ್ಳಿ, ಆಗ ಮುಂದೂಡುವ ಚಾಳಿ ಹೋಗುತ್ತದೆ ಎಂದು ನಗುನಗುತ್ತಾ ಹೇಳುತ್ತಾನೆ. ಸರಿಯಾದ ಮಾತೇ. ನಾನು ಬಿ.ಎಡ್. ಮುಗಿಸಿದ್ದು, ಮೇಡಂ ಎನಿಸಿಕೊಂಡದ್ದು, ಈ ಪುಸ್ತಕವನ್ನು ದಿನಕ್ಕೆ ಹತ್ತು ಸಾಲಿನಂತೆ ಬರೆಯುತ್ತಿರುವುದು ಎಲ್ಲ ಅದೇ ದಾರಿಯಲ್ಲಿ. ಆದರೆ ಅವನು ನಗುವಾಗ ನನಗೆ ಆ ಹಿತ್ತಿಲ ಒದ್ದೆ ಇಟ್ಟಿಗೆಯ ವಾಸನೆ ಬರುತ್ತದೆ, ಫೋನನ್ನು ಬೋರಲು ಹಾಕುತ್ತೇನೆ.

ಇಟ್ಟಿಗೆ ಸಾಗಿಸುವುದು ದಿನದ ಕೆಲಸವಾಯಿತು, ಕಟ್ಟುವುದಕ್ಕೆ ಅಮ್ಮ ಹುಳದಿಂದಲೇ ದಿನ ಕದ್ದಳು. ಹುಳ ಪೊರೆ ಕಳಚುವ ಮುಂಚೆ ಒಂದು ದಿನ ತಲೆ ಎತ್ತಿಕೊಂಡು ಸುಮ್ಮನೆ ಕೂತುಬಿಡುತ್ತದೆ, ಏನೂ ತಿನ್ನುವುದಿಲ್ಲ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ಆ ದಿನ ಸೊಪ್ಪು ಕೊಯ್ಯುವುದಿಲ್ಲ, ಹಾಕುವುದಿಲ್ಲ. ಊರಿನ ಹೆಂಗಸರು ಆ ಒಂದು ದಿನ ಬಟ್ಟೆ ಒಗೆಯುತ್ತಾರೆ, ಇಲ್ಲ ಮಲಗುತ್ತಾರೆ. ಅಮ್ಮ ಗೋಡೆ ಕಟ್ಟಿದಳು. ಜ್ವರದ ದಿನ ಬೆಳಿಗ್ಗೆ ಒಂದು ವರಸೆ ಇಟ್ಟಿಗೆ, ಸಂಜೆ ಒಂದು ವರಸೆ. ಮೂರನೆಯದಕ್ಕೆ ಮಣ್ಣು ಕಲಸುತ್ತಲೇ ಇರಲಿಲ್ಲ. ಕೆಲಸ ಕಲಿಸಿದ್ದು ಮುನಿಯಪ್ಪ. ಅವನು ಬೇಲಿಯಾಚೆ, ರಸ್ತೆಯ ಆ ಬದಿಯಲ್ಲಿ ಬೀಡಿ ಸೇದುತ್ತಾ ನಿಂತು ಕೂಗುತ್ತಿದ್ದ. ಗಾಳಿ ನಮ್ಮ ಕಡೆ ಬೀಸಿದರೆ ಪಾಪ, ತಾನೇ ಇನ್ನೂ ನಾಲ್ಕು ಮಾರು ಹಿಂದೆ ಹೋಗುತ್ತಿದ್ದ.

"ದಾರ ಬಿಗಿಯಾಗಿ ಎಳ್ಯವ್ವ. ಗೋಡೆ ಹೊಟ್ಟೆ ಬಿಟ್ಟದೆ ನೋಡು."

"ಯಾವ ಕಡೆ ಮುನಿಯಪ್ಪಾ?"

"ಮಗು ನಿಂತದಲ್ಲ, ಆ ಕಡೆ. ಒಂದ್ ಇಟ್ಟಿಗೆ ಒಳಕ್ಕೆ ತಟ್ಟು. ಹಾಂ, ಬುಡು."

ಸಂಜೆ ನಾವು ಸ್ನಾನ ಮಾಡಿ ಒಳಗೆ ಬಂದ ಕೂಡಲೇ ಅಜ್ಜಿ ಕೇಳುತ್ತಿದ್ದಳು, ಎಲ್ಲೀಗಂಟ ಬಂತು ಎಂದು. ಬಾಯಲ್ಲಿ ಹೇಳಿದರೆ ಅವಳಿಗೆ ಸಾಲುತ್ತಿರಲಿಲ್ಲ. ನಾನು ಅವಳ ಹಾಸಿಗೆಯ ಪಕ್ಕ ನೆಟ್ಟಗೆ ನಿಲ್ಲುತ್ತಿದ್ದೆ, ಅವಳ ಕೈ ಹಿಡಿದು ಗೋಡೆ ಬಂದಷ್ಟು ಎತ್ತರಕ್ಕೆ ನನ್ನ ಮೈಮೇಲೆ ಇಡುತ್ತಿದ್ದೆ. ಮೊದಲು ಹಿಮ್ಮಡಿ. ಆಮೇಲೆ ಮೊಣಕಾಲು. ಎರಡನೇ ಬೆಳೆಯ ಮೊದಲ ಜ್ವರಕ್ಕೆ ಲಂಗದ ಲಾಡಿ. ಮಲಗಿದಲ್ಲಿಂದ ಅವಳ ಕೈ ಅದಕ್ಕಿಂತ ಮೇಲೆ ಬರಲಿಲ್ಲ, ಅದಕ್ಕೇ ನಾನು ಬಗ್ಗತೊಡಗಿದೆ. ಗೋಡೆ ನನ್ನ ಭುಜ ಮುಟ್ಟಿದ ದಿನ ಅಜ್ಜಿಯ ಕೈ ಎಷ್ಟು ಹಗುರವಾಗಿತ್ತೆಂದರೆ ಅದು ನನ್ನ ಭುಜದ ಮೇಲಿದೆಯೋ ಇಲ್ಲವೋ ತಿಳಿಯದೆ ತಿರುಗಿ ನೋಡಬೇಕಾಯಿತು. ಗೋಡೆ ಏರಿದಷ್ಟೂ ಅಜ್ಜಿ ಹಾಸಿಗೆಯಲ್ಲಿ ಇಳಿಯುತ್ತಿದ್ದಳು. ಬೆನ್ನಿನಲ್ಲಿ ಹುಣ್ಣು ಬಂದಿತ್ತು. ನಾನು ಅಮ್ಮನನ್ನು ಕೇಳಿದೆ, ದಿನಕ್ಕೆ ಇಪ್ಪತ್ತು ಎತ್ತಲೇ ಎಂದು. ಅಮ್ಮ ಒಳಗೆ ಹೋಗಿ ಅಜ್ಜಿಯ ಮಗ್ಗುಲು ತಿರುಗಿಸಿ ಬಂದಳು. ಆಮೇಲೆ ಎತ್ತು ಎಂದಳು.

ಅಪ್ಪ ಇದನ್ನೆಲ್ಲ ನೋಡುತ್ತಿದ್ದ. ಮೊದಮೊದಲು ಮೂಲೆ ಮಟ್ಟವಾಗಿಲ್ಲ, ಮಣ್ಣಿನ ಗೋಡೆ ಎಷ್ಟು ದಿನ ನಿಲ್ಲುತ್ತದೆ ಎಂದು ಕೊಂಕು ತೆಗೆದ. ಅಮ್ಮ ಮುಂದಿನ ಇಟ್ಟಿಗೆ ಇಟ್ಟಳು. ಆಮೇಲೆ ಅವನೇ ಬಂದು ನೀರು ಸೇದಿಕೊಟ್ಟ, ಮಣ್ಣು ತುಳಿದ. ಬೆಳೆಯ ನಡುವಿನ ದಿನಗಳಲ್ಲಿ ಮುನಿಯಪ್ಪ ಸೋಪು ಹಾಕಿ ಕೈ ತೊಳೆದುಕೊಂಡು ಒಳಗೆ ಬಂದು ಬೇಸಿನ್ನು ಕೂರಿಸಿಕೊಟ್ಟ. ಅಪ್ಪ ಹಳೆಯ ಕುರ್ಚಿಯೊಂದರ ಸೀಟು ಕೊರೆದು, ಅಜ್ಜಿಯನ್ನು ಅದರ ಮೇಲೆ ಕೂರಿಸಬಹುದು ಎಂದ. ಮೇಲೆ ಶೀಟು ಬಿತ್ತು. ಮೂರನೇ ಬೆಳೆಯ ಹುಳ ನಾಲ್ಕನೇ ಜ್ವರದಿಂದ ಎದ್ದಾಗ ಉಳಿದದ್ದು ಬಾಗಿಲೊಂದೇ.

ಅಮ್ಮ ಅದಕ್ಕೊಂದು ಉಪಾಯ ಮಾಡಿಟ್ಟಿದ್ದಳು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಗೊತ್ತಲ್ಲ, ಆಳೆತ್ತರದ ತಟ್ಟಿ. ಮುರಿದ ಚಂದ್ರಿಕೆಯೊಂದಕ್ಕೆ ಗೋಣಿಚೀಲ ಹೊಲಿದು, ಎರಡು ಕಡೆ ಹಗ್ಗ ಕಟ್ಟಿ, ಬಾಗಿಲಿನ ಜಾಗಕ್ಕೆ ಒರಗಿಸಿದಳು. ನಾಳೆ ಬೆಳಿಗ್ಗೆ ಅತ್ತೆಯನ್ನು ಎತ್ತಿಕೊಂಡು ಹೋಗೋಣ ಎಂದಳು. ಅಪ್ಪ ಅದನ್ನು ನೋಡಿ ನಿಂತ.

"ನಮ್ಮವ್ವಂಗೆ ಚಂದ್ರಂಕಿ ಬಾಗ್ಲಾ? ಊರು ಏನನ್ನುತ್ತೆ. ಬಾಗ್ಲು ನಾನ್ ತರ್ತೀನಿ, ಮರದ್ದು, ಚಿಲಕ ಇರೋದು. ಹುಳ ಹಣ್ಣಾಗ್ತಾ ಐತೆ, ಇದೊಂದು ಮುಗೀಲಿ. ಎರಡೇ ದಿನ."

"ಇವತ್ತಿಗೆ ಇದಿರ್ಲಿ. ನೀವು ತಂದ ಮೇಲೆ ಬಿಚ್ಚಿದರಾಯ್ತು," ಎಂದಳು ಅಮ್ಮ.

ಮಾತು ಬೆಳೆಯುತ್ತಿತ್ತು. ಒಳಗಿನಿಂದ ಅಜ್ಜಿಯ ಸಣ್ಣ ದನಿ ಬಂತು.

"ಇರ್ಲಿ ಬಿಡೆ ಗೌರಿ. ಅವ್ನು ತರ್ತೀನಿ ಅಂತವ್ನಲ್ಲ. ಇಷ್ಟ್ ದಿನ ಇದ್ದೋಳು ಇನ್ನೆರಡು ದಿನ ಇರಾಕಿಲ್ವಾ? ಅವ್ನ್ ಕೈಲೂ ಒಂದ್ ಕೆಲ್ಸ ಆಗ್ಲಿ."

ಅಮ್ಮ ಚಂದ್ರಿಕೆಯನ್ನು ತೆಗೆದು ಗೋಡೆಗೆ ಒರಗಿಸಿದಳು. ಅವಳು ಕೆಲಸ ನಿಲ್ಲಿಸಿದ್ದು ಅದೊಂದೇ ಸಲ, ಅದಕ್ಕಾಗಿ ಅವಳು ತನ್ನನ್ನು ಇವತ್ತಿಗೂ ಬೈದುಕೊಳ್ಳುತ್ತಾಳೆ. ಮಾರನೇ ದಿನ ಹುಳ ಒಟ್ಟಿಗೆ ಹಣ್ಣಾದವು, ಆರಿಸಿ ಚಂದ್ರಿಕೆಗೆ ಬಿಡುವುದರಲ್ಲಿ ಮೂವರಿಗೂ ಉಸಿರಾಡಲು ಬಿಡುವಿರಲಿಲ್ಲ. ಅದರ ಮಾರನೇ ದಿನವೂ ಹಾಗೇ. ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ಗಂಜಿ ಕುಡಿಸಲು ಹೋದಾಗ ಅಜ್ಜಿ ಹೋಗಿಬಿಟ್ಟಿದ್ದಳು. ಮುಖ ಗೋಡೆಯ ಕಡೆಗಿತ್ತು. ಹುಳ ಇನ್ನೂ ಗೂಡು ಕಟ್ಟುತ್ತಿದ್ದವು, ಅದರಿಂದ ಜನ ಒಳಗೆ ಬರಲಿಲ್ಲ. ಅಜ್ಜಿಯನ್ನು ಜಗಲಿಗೆ ತಂದು ಮಲಗಿಸಿದರು, ಊದುಬತ್ತಿಯನ್ನು ರಸ್ತೆಯ ಆಚೆ ಹಚ್ಚಿದರು. ಮುನಿಯಪ್ಪ ಬೇಲಿಯಾಚೆ ತನ್ನ ಜಾಗದಲ್ಲೇ ನಿಂತು ಅತ್ತ. ನನಗೆ ಅಳು ಬರಲಿಲ್ಲ. ನನ್ನನ್ನು ಕರೆದದ್ದನ್ನೂ ಕರೆಯಲಿಲ್ಲ ಎಂದದ್ದನ್ನೂ ಅಜ್ಜಿ ತೆಗೆದುಕೊಂಡು ಹೊರಟಿದ್ದಾಳೆ, ಇನ್ನು ಯಾರಿಗೂ ಹೇಳಬೇಕಾಗಿಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿಕೆಯಾದದ್ದು ಆಮೇಲೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಹಿಂದಿನ ದಿನ ಅಪ್ಪ ಬಾಗಿಲು ತಂದ. ವಿಜಯಪುರದಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು, ಬಸ್ಸು ನಿಲ್ಲುವ ಗೇಟಿನಿಂದ ಮನೆಯವರೆಗೆ ತಲೆಯ ಮೇಲೆ ಹೊತ್ತು ತಂದ. ಯಾರನ್ನೂ ಹತ್ತಿರ ಕರೆಯದೆ ತಾನೇ ಕೂರಿಸಿದ. ಸ್ಕ್ರೂ ಬಿಗಿದು, ಚಿಲಕ ಹೊಡೆದು, ಕೆಳಗೆ ಸ್ವಲ್ಪ ಉಜ್ಜುತ್ತದೆಂದು ಹತರಿ ಹೊಡೆದು ಸರಿಮಾಡಿದ. ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಕೈ ನಿಲ್ಲಿಸದೆ ನೋಡುತ್ತಿದ್ದಳು. ಅವಳ ಮೊರ ಇನ್ನೂ ಅರ್ಧವಾಗಿರಲಿಲ್ಲ, ಅಷ್ಟರಲ್ಲಿ ಬಾಗಿಲು ನಿಂತಿತ್ತು.

ಅಪ್ಪ ನನ್ನನ್ನು ಕರೆದ.

"ಒಳಗೋಗಿ ಚಿಲಕ ಹಾಕಿ ನೋಡವ್ವ, ಸರಿಯಾಗಿ ಬೀಳುತ್ತಾ ಅಂತ."

ಹೋದೆ. ಚಿಲಕ ಸಲೀಸಾಗಿ ಬಿತ್ತು. ಒಳಗೆ ಹೊಸ ಮರದ ವಾಸನೆ, ಒದ್ದೆ ಮಣ್ಣಿನ ವಾಸನೆ, ಶೀಟಿನ ಸಂದಿಯಿಂದ ಬಂದ ಒಂದು ಗೆರೆ ಬೆಳಕು. ಸೀಟು ಕೊರೆದ ಕುರ್ಚಿ ಬೇಸಿನ್ನಿನ ಮೇಲೆ ಸಿದ್ಧವಾಗಿ ಕೂತಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಯಾರೂ ನೋಡದ ಜಾಗದಲ್ಲಿ ನಾನು ನಿಂತಿದ್ದೆ. ಅಪ್ಪನ ಮುಖ ಕಾಣುತ್ತಿರಲಿಲ್ಲ, ಅವನಿಗೆ ನನ್ನದು ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು, ಮೂರು ತಿಂಗಳಿನಿಂದ ನಾಳೆ ನಾಳೆ ಎಂದು ಇಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು.

"ಅಪ್ಪಾ, ಅವತ್ತು ಅಜ್ಜಿ ನನ್ನ ಕರೆದಿತ್ತು. ಮೂರ್ ಸಲ. ನಾನು ಬಂದೆ ಬಂದೆ ಅಂತ ಹೋಗ್ಲೇ ಇಲ್ಲ."

ಆಚೆಯಿಂದ ಬಾಗಿಲಿಗೆ ಅಪ್ಪನ ಬೆನ್ನು ಒರಗಿದ್ದು ಗೊತ್ತಾಯಿತು, ಮರ ಸ್ವಲ್ಪ ಒಳಕ್ಕೆ ಬಾಗಿತು.

"ಗೊತ್ತು ಕಣವ್ವ. ನಾನು ಜಗಲಿ ಮೇಲೇ ಕೂತಿದ್ದೆ. ಮೂರ್ ಸಲಾನೂ ಕೇಳಿಸ್ತು. ನೀನು ಎದ್ದು ಹೋಗ್ತೀಯ ಅಂದ್ಕೊಂಡೆ."

ನಾನು ಕೈಯನ್ನು ಚಿಲಕದ ಮೇಲೆ ಇಟ್ಟುಕೊಂಡೇ ನಿಂತೆ. ಅಡುಗೆಮನೆಯಿಂದ ಅಮ್ಮ ನನ್ನನ್ನು ಕರೆಯುತ್ತಿದ್ದಳು. ನಾನು ಬಂದೆ ಎನ್ನಲಿಲ್ಲ. ಚಿಲಕ ತೆಗೆದು ಹೋದೆ.